ತಿಪ್ಪೆಗೊಬ್ಬರವೂ ಸೂಕ್ಷ್ಮದರ್ಶಕವೂ

ಮನೆಗೆ ತಂದ ಅಕ್ಕಿಯನ್ನು ಗೃಹಿಣಿಯು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾಳೆ. ತುಪ್ಪವನ್ನು ಮೂಸಿ ನೋಡುತ್ತಾಳೆ. ಹುಣಿಸೆಯ ಹಣ್ಣನ್ನು ನಾಲಿಗೆಗೆ ತಾಗಿಸಿ ನೋಡುತ್ತಾಳೆ. ಬಂಗಾರವನ್ನು ಒರೆಗೆ ಹಚ್ಚದೆ ಕೊಳ್ಳುವ ಗೃಹಸ್ಥನು ಎಲ್ಲಿಯೂ ಇಲ್ಲ. ಆದರೆ ಈ ಅಕ್ಕಿಗೂ ತುಪ್ಪಕ್ಕೂ, ಬಂಗಾರವನ್ನು ಕೊಳ್ಳುವ ಹಣಕ್ಕೂ ಮೂಲವಾಗಿರುವ ಗೊಬ್ಬರವನ್ನು ಮಾತ್ರ ನಾವು ಯಾವ ಪರೀಕ್ಷೆಯೂ ಇಲ್ಲದೆ ಭೂಮಿಗೆ ಸುರಿಯುತ್ತೇವೆ. ಕಪ್ಪಗಿದ್ದರೆ ಒಳ್ಳೆಯದು, ಚೀಲದ ಮೇಲೆ ಹಸುವಿನ ಚಿತ್ರವಿದ್ದರೆ ಇನ್ನೂ ಒಳ್ಳೆಯದು, ಎಂಬಷ್ಟಕ್ಕೆ ನಮ್ಮ ವಿಚಾರಣೆ ಮುಗಿದುಹೋಗುವುದು. ಗೊಬ್ಬರಕ್ಕೂ ಒಂದು ಒರೆಗಲ್ಲುಂಟು. ಅದು ಈಗ ಸಾಮಾನ್ಯ ಗೃಹಸ್ಥನ ಕೈಗೆಟುಕುವಂತಿದೆ. ಆ ವಿಷಯವನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹಿಂದೆ ನಮ್ಮ ಗುಬ್ಬಿ, ಕುಣಿಗಲು ಸೀಮೆಗಳಲ್ಲಿ ಇಂಥ ಒರೆಗಲ್ಲಿನ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಪ್ರತಿಯೊಂದು ಒಕ್ಕಲಿನ ಹಿತ್ತಿಲಿನಲ್ಲಿಯೂ ಒಂದು ತಿಪ್ಪೆಯಿರುತ್ತಿತ್ತು. ಹಳ್ಳಿಕಾರ್ ಎತ್ತುಗಳ ಸಗಣಿ, ಗಂಜಲ ನೆನೆದ ಕೊಟ್ಟಿಗೆಯ ಕಸ, ಒಲೆಯ ಬೂದಿ, ದನ ತಿಂದುಳಿದ ರಾಗಿಯ ಹುಲ್ಲು, ಹೊಂಗೆಯ ಸೊಪ್ಪು ಇವೆಲ್ಲವೂ ಸೇರಿ ವರ್ಷವಿಡೀ ಕೊಳೆತು, ಯುಗಾದಿ ಕಳೆದ ಮೇಲೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ತಿಪ್ಪೆಯಲ್ಲಿ ಏನು ಬಿದ್ದಿದೆ, ಎಷ್ಟು ದಿನವಾಯಿತು ಎಂಬುದು ಮನೆಯವರೆಲ್ಲರಿಗೂ ಗೊತ್ತಿದ್ದ ಸಂಗತಿ. ಈಗ ಟ್ರಾಕ್ಟರು ಬಂದಿತು, ಎತ್ತು ಹೋಯಿತು, ಎತ್ತಿನೊಡನೆ ತಿಪ್ಪೆಯೂ ಕುಗ್ಗಿತು. ಎಲ್ಲಿಂದಲೋ ಬಂದ ಗೊಬ್ಬರವನ್ನು ಲೋಡಿನ ಲೆಕ್ಕದಲ್ಲಿಯೋ ಚೀಲದ ಲೆಕ್ಕದಲ್ಲಿಯೋ ಹಣ ಕೊಟ್ಟು ಕೊಳ್ಳುವ ಕಾಲ ಬಂದಿದೆ. ಮನೆಯಲ್ಲಿ ಬೆಳೆದ ವಸ್ತುವಿಗೆ ನಂಬಿಕೆ ಸಾಕು. ಕೊಂಡ ವಸ್ತುವಿಗೆ ಪರೀಕ್ಷೆ ಬೇಕು.

ಪರೀಕ್ಷೆಯಿಲ್ಲದಿದ್ದರೆ ಆಗುವ ನಷ್ಟವೇನೆಂದು ಕೆಲವರು ಕೇಳಬಹುದು. ಅರೆಕೊಳೆತ ಗೊಬ್ಬರವು ಭೂಮಿಗೆ ಕೊಡುವುದಕ್ಕೆ ಬದಲಾಗಿ ಭೂಮಿಯಿಂದಲೇ ಸಾಲ ಎತ್ತುತ್ತದೆ. ಅದರಲ್ಲಿ ಉಳಿದಿರುವ ಹುಲ್ಲುಕಡ್ಡಿಗಳನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ಹೀರಿಕೊಳ್ಳುವುದರಿಂದ ಪೈರು ಹಳದಿಯಾಗುತ್ತದೆ. ಗಾಳಿಯಿಲ್ಲದೆ ಹುಳಿತ ಗೊಬ್ಬರದಲ್ಲಿ ಹುಟ್ಟುವ ಆಮ್ಲಗಳು ಎಳೆಯ ಮೊಳಕೆಯನ್ನು ಸುಡುತ್ತವೆ. ಕಾವೇರದ ತಿಪ್ಪೆಯಲ್ಲಿ ಕಳೆಯ ಬೀಜಗಳು ಸಾಯದೆ ಉಳಿದು ಹೊಲದಲ್ಲಿ ಮೊಳೆಯುತ್ತವೆ. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯು ಮೊಟ್ಟೆಯಿಡುವುದೂ ಇಂತಹ ತಿಪ್ಪೆಗಳಲ್ಲಿಯೇ. ತೆಂಗನ್ನೇ ನಂಬಿರುವ ಗುಬ್ಬಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪೂರ್ವಿಕರು ಗೊಬ್ಬರವನ್ನು ಹಗುರವಾಗಿ ಎಣಿಸಿದವರಲ್ಲ. ‘ಕೃಷಿಪರಾಶರ’ವೆಂಬ ಸಂಸ್ಕೃತ ಗ್ರಂಥವು ಮಾಘಮಾಸದಲ್ಲಿ ಸಗಣಿಯ ರಾಶಿಯನ್ನು ಪೂಜಿಸಿ ಅಗೆದು, ಬಿಸಿಲಿನಲ್ಲಿ ಒಣಗಿಸಿ, ಫಾಲ್ಗುಣದಲ್ಲಿ ಹೊಲದ ಗುಂಡಿಗಳಲ್ಲಿಟ್ಟು, ಬಿತ್ತನೆಯ ಕಾಲಕ್ಕೆ ಹರಡಬೇಕೆಂದು ವಿಧಿಸುತ್ತದೆ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಸ್ಥಾನವೇ ಇದೆ. ಆದರೆ ಆ ಮಹನೀಯರಿಗೆ ಸೂಕ್ಷ್ಮಜೀವಿಗಳು ಗೊತ್ತಿದ್ದುವೆಂದು ಹೇಳಿ ಅವರ ಗೌರವವನ್ನು ಹೆಚ್ಚಿಸಲು ಹೊರಡುವುದು ಉಚಿತವಲ್ಲ. ಅವರು ಫಲವನ್ನು ಕಂಡು ವಿಧಿಯನ್ನು ಹೇಳಿದರು. ವಿಧಿಯ ಹಿಂದಿರುವ ಕಾರಣವನ್ನು ಕಾಣಲು ಗಾಜಿನ ಕಣ್ಣು ಬೇಕಾಗಿತ್ತು. ಆ ಕಣ್ಣು ತೆರೆದದ್ದು ಹದಿನೇಳನೆಯ ಶತಮಾನದ ಯೂರೋಪಿನಲ್ಲಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದ ಲೇವೆನ್‌ಹುಕ್ ಎಂಬಾತನು ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದ ಮೂಲಕ ನೀರಿನಲ್ಲಿ ಈಜಾಡುವ ಕಿರುಜೀವಿಗಳನ್ನು ಕಂಡು, ೧೬೭೬ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರವಾಗಿ ಬರೆದು ಕಳುಹಿಸಿದನು. ಆತನು ಪಂಡಿತನಲ್ಲ, ಲ್ಯಾಟಿನ್ ಬಲ್ಲವನೂ ಅಲ್ಲ. ತಾಳ್ಮೆಯಿಂದ ನೋಡುವವನಿಗೆ ಈ ವಿದ್ಯೆಯು ಒಲಿಯುತ್ತದೆಂಬುದಕ್ಕೆ ಆತನೇ ಸಾಕ್ಷಿ.

ನಮ್ಮ ನಾಡಿನ ಬೇಸಾಯಕ್ಕೂ ಸೂಕ್ಷ್ಮದರ್ಶಕವು ಹೊಸಬನೇನಲ್ಲ. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ ೧೯೦೮ರಲ್ಲಿ ಮೈಸೂರು ಸಂಸ್ಥಾನದ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಬಂದರು. ಆಗ ಮಲೆನಾಡಿನ ಅಡಕೆಯ ತೋಟಗಳನ್ನು ಕೊಳೆರೋಗವು ಮಳೆಗಾಲದಲ್ಲಿ ಪೀಡಿಸುತ್ತಿತ್ತು. ಕೋಲ್ಮನ್ನರು ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಫೈಟಾಫ್ತೊರಾ ಜಾತಿಯ ಶಿಲೀಂಧ್ರಸದೃಶ ಜೀವಿಯೇ ರೋಗಕ್ಕೆ ಕಾರಣವೆಂದು ೧೯೧೦ರಲ್ಲಿ ಪ್ರಕಟಿಸಿದರು. ಕಾರಣವು ತಿಳಿಯಿತಾದ್ದರಿಂದ ಔಷಧವೂ ತಿಳಿಯಿತು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯು ರೂಢಿಗೆ ಬಂದಿತು. ಇಂದಿಗೂ ನಮ್ಮ ಅಡಕೆಯ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಆ ದ್ರಾವಣವನ್ನೇ ಕಲಸುತ್ತಾರೆ. ೧೯೧೩ರಲ್ಲಿ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು.

ಗೊಬ್ಬರದ ವಿಷಯದಲ್ಲಿಯೂ ಬೆಂಗಳೂರಿನ ಹೆಸರು ಲೋಕಪ್ರಸಿದ್ಧವಾಗಿದೆ. ಸರ್ ಆಲ್ಬರ್ಟ್ ಹೋವರ್ಡರು ೧೯೨೪ರಿಂದ ೧೯೩೧ರ ವರೆಗೆ ಇಂದೂರಿನಲ್ಲಿ ನಡೆಸಿದ ಪ್ರಯೋಗಗಳಿಂದ ‘ಇಂದೂರು ಪದ್ಧತಿ’ಯು ಹುಟ್ಟಿತು. ಕಸ, ಸಗಣಿ, ಗಂಜಲದ ಮಣ್ಣು, ಬೂದಿ ಇವುಗಳನ್ನು ಪದರ ಪದರವಾಗಿ ಹಾಕಿ, ಮೂರು ಸಲ ತಿರುವಿಹಾಕಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರವನ್ನು ಸಿದ್ಧಪಡಿಸುವ ಕ್ರಮವದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ರೂಪಿಸಿದ ‘ಬೆಂಗಳೂರು ಪದ್ಧತಿ’ಯಲ್ಲಾದರೋ ಗುಂಡಿಯನ್ನು ತುಂಬಿ ಮೇಲೆ ಮಣ್ಣು ಮೆತ್ತಿಬಿಡುತ್ತಾರೆ, ತಿರುವಿಹಾಕುವ ಕೂಲಿಯಿಲ್ಲ, ನೀರಿನ ಖರ್ಚು ಕಡಿಮೆ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಮೊದಲನೆಯದು ಗಾಳಿಯಾಡುವ ಗೊಬ್ಬರ. ಎರಡನೆಯದು ಮೊದಲ ಕೆಲವು ದಿನಗಳ ಕಾವು ಇಳಿದ ಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಪಕ್ವವಾಗುವ ಗೊಬ್ಬರ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಮಸೂರದಡಿಯಲ್ಲಿ ನಾವು ನೋಡುವ ಜೀವಿಗಳು ಈ ಭೇದವನ್ನೇ ಸಾರುತ್ತವೆ.

ತಿಪ್ಪೆಯ ಒಳಗಿನ ಕೆಲಸಗಾರರು

ತಿಪ್ಪೆಯೆಂಬುದು ಒಂದು ಕಾರ್ಖಾನೆ. ಅಲ್ಲಿಯ ಕೆಲಸಗಾರರು ಒಂದೇ ಸಲ ಎಲ್ಲರೂ ಬರುವುದಿಲ್ಲ. ಪಾಳಿಯ ಮೇಲೆ ಬರುತ್ತಾರೆ. ಮೊದಲು ಬರುವುವು ಬ್ಯಾಕ್ಟೀರಿಯಾ ಎಂಬ ಏಕಾಣುಜೀವಿಗಳು. ಇವು ಸಕ್ಕರೆ, ಹಿಟ್ಟು, ಸಸಾರಜನಕಗಳನ್ನು ಬೇಗನೆ ತಿಂದು ಮುಗಿಸುತ್ತ ಕಾವನ್ನು ಹುಟ್ಟಿಸುತ್ತವೆ. ಚೆನ್ನಾಗಿ ಹಾಕಿದ ರಾಶಿಯ ಒಡಲು ೫೫ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನ ವರೆಗೆ ಕಾಯುವುದು. ಆ ಕಾವಿನಲ್ಲಿ ಕಳೆಯ ಬೀಜಗಳೂ ಅನೇಕ ರೋಗಾಣುಗಳೂ ನಾಶವಾಗುತ್ತವೆ. ಕಾವಿಳಿದ ಬಳಿಕ ಶಿಲೀಂಧ್ರಗಳೂ, ಅವುಗಳಂತೆಯೇ ಎಳೆಯೆಳೆಯಾಗಿ ಬೆಳೆಯುವ ಆಕ್ಟಿನೊಬ್ಯಾಕ್ಟೀರಿಯಾಗಳೂ ಬಂದು ನಾರು, ಹುಲ್ಲು, ಕಟ್ಟಿಗೆಯ ಚೂರುಗಳನ್ನು ಹಿಡಿಯುತ್ತವೆ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಸುವಾಸನೆಗೆ ಮುಖ್ಯಕಾರಣ ಈ ಆಕ್ಟಿನೊಬ್ಯಾಕ್ಟೀರಿಯಾಗಳೇ.

ಕೊನೆಯ ಪಾಳಿಯಲ್ಲಿ ಬರುವವರು ಮೇಯುವವರು. ಅಮೀಬಾ ಮೊದಲಾದ ಏಕಕೋಶಪ್ರಾಣಿಗಳು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳು ಬ್ಯಾಕ್ಟೀರಿಯಾಗಳನ್ನೂ ಶಿಲೀಂಧ್ರಗಳನ್ನೂ ತಿನ್ನುತ್ತವೆ. ಇದರಿಂದ ನಮಗೇನು ಲಾಭ? ಬ್ಯಾಕ್ಟೀರಿಯಾದ ದೇಹದಲ್ಲಿ ಸಾರಜನಕದ ಪ್ರಮಾಣ ಹೆಚ್ಚು. ಅದನ್ನು ತಿಂದ ಪ್ರಾಣಿಗೆ ಅಷ್ಟು ಬೇಡ. ಹೆಚ್ಚಾದುದನ್ನು ಅದು ಅಮೋನಿಯಾ ರೂಪದಲ್ಲಿ ಹೊರಹಾಕುವುದು; ಅದನ್ನು ಬೇರು ಹೀರಿಕೊಳ್ಳುವುದು. ದನವು ಹುಲ್ಲು ಮೇದು ಸಗಣಿ ಹಾಕಿದರೆ ಹೊಲಕ್ಕೆ ಹೇಗೆ ಲಾಭವೋ, ಮಣ್ಣಿನೊಳಗೆ ಈ ಕಿರುಮಂದೆಯು ಮೇಯುವುದರಿಂದಲೂ ಹಾಗೆಯೇ ಲಾಭ. ಬ್ಯಾಕ್ಟೀರಿಯಾ ಮಾತ್ರವಿದ್ದು ಮೇಯುವವರಿಲ್ಲದ ಗೊಬ್ಬರದಲ್ಲಿ ಸಾರವು ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದಂತೆ.

ಹೀಗೆ ಯಾರು ಕೆಲಸದಲ್ಲಿದ್ದಾರೆಂಬುದನ್ನು ನೋಡಿ ಕೆಲಸವು ಎಲ್ಲಿಗೆ ಬಂದಿದೆಯೆಂದು ತಿಳಿಯಬಹುದು. ಸೂಕ್ಷ್ಮದರ್ಶಕದ ಪರೀಕ್ಷೆಯ ತತ್ತ್ವವು ಇಷ್ಟೇ.

ಸಾಧನಗಳು

ಪ್ರೌಢಶಾಲೆಯ ಪ್ರಯೋಗಶಾಲೆಗಳಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕವೇ ಈ ಕೆಲಸಕ್ಕೆ ಸಾಕು. ಕಣ್ಣಿನ ಬಳಿಯ ಮಸೂರವು ಹತ್ತರಷ್ಟು, ಕೆಳಗಿನ ಮಸೂರಗಳು ನಾಲ್ಕು, ಹತ್ತು, ನಲವತ್ತರಷ್ಟು ಹಿಗ್ಗಿಸುವುದರಿಂದ ವಸ್ತುವನ್ನು ೪೦, ೧೦೦, ೪೦೦ ಪಟ್ಟು ದೊಡ್ಡದಾಗಿ ನೋಡಬಹುದು. ಬ್ಯಾಕ್ಟೀರಿಯಾದ ಅಳತೆ ಸುಮಾರು ಒಂದು ಮೈಕ್ರಾನು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದು ೪೦೦ ಪಟ್ಟಿನಲ್ಲಿ ಚುಕ್ಕೆಯಂತೆ ಕಾಣುವುದು. ಶಿಲೀಂಧ್ರದ ಎಳೆಯು ಸಾಮಾನ್ಯವಾಗಿ ಎರಡರಿಂದ ಹತ್ತು ಮೈಕ್ರಾನು ದಪ್ಪ. ದುಂಡುಹುಳುಗಳು ಅರ್ಧದಿಂದ ಒಂದು ಮಿಲಿಮೀಟರು ಉದ್ದವಿರುವುದರಿಂದ ೪೦ ಅಥವಾ ೧೦೦ ಪಟ್ಟಿನಲ್ಲಿಯೇ ಸೊಗಸಾಗಿ ಕಾಣುತ್ತವೆ.

ಅಷ್ಟೂ ಅನುಕೂಲವಿಲ್ಲದವರಿಗೆ ‘ಫೋಲ್ಡ್‌ಸ್ಕೋಪ್’ ಎಂಬ ಕಾಗದದ ಸೂಕ್ಷ್ಮದರ್ಶಕವೊಂದಿದೆ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶರೂ ಅವರ ಸಂಗಡಿಗರೂ ಇದನ್ನು ೨೦೧೪ರಲ್ಲಿ ಲೋಕಕ್ಕೆ ಪರಿಚಯಿಸಿದರು. ಗುಂಡುಮಣಿಯಂತಹ ಒಂದೇ ಮಸೂರವನ್ನು ಮಡಿಸಿದ ಕಾಗದದಲ್ಲಿ ಕೂರಿಸಿದ ಈ ಯಂತ್ರವು ೧೪೦ ಪಟ್ಟು ಹಿಗ್ಗಿಸುತ್ತದೆ. ಲೇವೆನ್‌ಹುಕ್‌ನ ಒಂಟಿ ಮಸೂರದ ಉಪಾಯವೇ ಮೂರೂವರೆ ಶತಮಾನಗಳ ತರುವಾಯ ಬಡವರ ಸಾಧನವಾಗಿ ಮರಳಿ ಬಂದಿತೆನ್ನಬಹುದು. ಇದರಲ್ಲಿ ಬ್ಯಾಕ್ಟೀರಿಯಾಗಳನ್ನು ಸ್ಪಷ್ಟವಾಗಿ ನೋಡುವುದು ಕಷ್ಟ. ಶಿಲೀಂಧ್ರ, ಏಕಕೋಶಪ್ರಾಣಿ, ದುಂಡುಹುಳುಗಳನ್ನು ನೋಡಲು ಅಡ್ಡಿಯಿಲ್ಲ.

ಪರೀಕ್ಷೆಯ ಕ್ರಮ

ರಾಶಿಯ ಮೇಲ್ಭಾಗವನ್ನು ಸರಿಸಿ, ಒಂದು ಗೇಣು ಆಳದಿಂದ, ನಾಲ್ಕೈದು ಕಡೆಗಳಲ್ಲಿ ಒಂದೊಂದು ಹಿಡಿ ಗೊಬ್ಬರವನ್ನು ತೆಗೆದು ಒಟ್ಟಿಗೆ ಬೆರೆಸಬೇಕು. ಇದರಲ್ಲಿ ಒಂದು ಚಮಚವನ್ನು ಹತ್ತು ಚಮಚ ನೀರಿಗೆ ಹಾಕಿ ಒಂದು ನಿಮಿಷ ಮೆಲ್ಲನೆ ಅಲುಗಾಡಿಸತಕ್ಕದ್ದು. ಜೋರಾಗಿ ಕುಲುಕಿದರೆ ಶಿಲೀಂಧ್ರದ ಎಳೆಗಳು ತುಂಡಾಗುತ್ತವೆ. ನಲ್ಲಿಯ ನೀರಿನಲ್ಲಿ ಕ್ಲೋರೀನ್ ಇರುವುದರಿಂದ ಬಾವಿಯ ನೀರನ್ನೋ ಕಾಯಿಸಿ ಆರಿಸಿದ ನೀರನ್ನೋ ಉಪಯೋಗಿಸಬೇಕು. ಅರ್ಧ ನಿಮಿಷ ಬಿಟ್ಟು, ಮರಳು ತಳಕ್ಕೆ ಇಳಿದ ಮೇಲೆ, ಮಧ್ಯಭಾಗದಿಂದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ತೆಳುಗಾಜನ್ನು ಮುಚ್ಚಬೇಕು. ಮೊದಲು ೧೦೦ ಪಟ್ಟಿನಲ್ಲಿ ಇಡೀ ಗಾಜನ್ನು ಸಾಲಾಗಿ, ಹೊಲ ಉಳುವಂತೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡತಕ್ಕದ್ದು. ಅನಂತರ ೪೦೦ ಪಟ್ಟಿನಲ್ಲಿ ಇಪ್ಪತ್ತು ಕಡೆ ನಿಲ್ಲಿಸಿ ಎಣಿಸತಕ್ಕದ್ದು. ಬೆಳಕಿನ ಕಿಂಡಿಯನ್ನು ಕಿರಿದು ಮಾಡಿದರೆ ಬಣ್ಣವಿಲ್ಲದ ಜೀವಿಗಳು ಅಂಚುಗಟ್ಟಿ ಕಾಣುತ್ತವೆ. ಹೊಸಬರು ಹೆಚ್ಚಾಗಿ ಮರೆಯುವುದು ಇದನ್ನೇ. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು.

ಕಂಡದ್ದರ ಅರ್ಥವೇನು? ಸಣ್ಣ ಚುಕ್ಕೆಗಳೂ ಕಡ್ಡಿಗಳೂ ಮಿಸುಕಾಡುತ್ತಿದ್ದರೆ ಅವು ಬ್ಯಾಕ್ಟೀರಿಯಾ. ಎಲ್ಲ ಗೊಬ್ಬರಗಳಲ್ಲಿಯೂ ಅವು ಅಸಂಖ್ಯಾತ. ಆದರೆ ನೀರಿನ ಕಣಗಳ ತಳ್ಳಾಟದಿಂದ ಜೀವವಿಲ್ಲದ ಮಣ್ಣಿನ ಕಣವೂ ನಿಂತಲ್ಲಿಯೇ ನಡುಗುವುದುಂಟು. ಒಂದು ದಿಕ್ಕು ಹಿಡಿದು ಸಾಗುವುದು ಜೀವಿ. ನಿಂತಲ್ಲಿ ನಡುಗುವುದು ಜೀವಿಯೆಂಬುದಕ್ಕೆ ಪ್ರಮಾಣವಲ್ಲ. ಕಂದು ಬಣ್ಣದ, ಒಂದೇ ದಪ್ಪದ, ಅಡ್ಡಗೋಡೆಗಳುಳ್ಳ ಕವಲೊಡೆದ ಎಳೆಗಳು ಶಿಲೀಂಧ್ರಗಳು. ಇವು ಹೇರಳವಾಗಿದ್ದರೆ ಗಾಳಿ ಚೆನ್ನಾಗಿ ಆಡಿದೆ, ನಾರು ಜೀರ್ಣವಾಗುತ್ತಿದೆ ಎಂದರ್ಥ. ಮೆಲ್ಲನೆ ಹರಿದಾಡುವ ಅಮೀಬಾಗಳೂ, ಚಾವಟಿಯಂತಹ ಬಾಲ ಬೀಸುತ್ತ ಜಿಗಿಯುವ ಕಶಾಜೀವಿಗಳೂ ಒಳ್ಳೆಯ ಚಿಹ್ನೆ. ಮೈತುಂಬ ರೋಮಗಳಿದ್ದು ನೋಟದ ವೃತ್ತವನ್ನು ಕ್ಷಣದಲ್ಲಿ ದಾಟಿ ಓಡುವ ರೋಮಜೀವಿಗಳು ಒಂದೆರಡಿದ್ದರೆ ಚಿಂತೆಯಿಲ್ಲ; ಗುಂಪುಗುಂಪಾಗಿ ಕಂಡರೆ ರಾಶಿಯಲ್ಲಿ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆಯೆಂದು ಶಂಕಿಸಬೇಕು.

ದುಂಡುಹುಳುಗಳ ವಿಷಯದಲ್ಲಿ ಬಾಯಿಯನ್ನು ನೋಡುವುದೇ ಮುಖ್ಯ. ಬಾಯಿ ತೆರೆದ ಕೊಳವೆಯಂತಿದ್ದರೆ ಅದು ಬ್ಯಾಕ್ಟೀರಿಯಾ ತಿನ್ನುವ ಮಿತ್ರ. ಬಾಯಿಯೊಳಗೆ ಗಟ್ಟಿಯಾದ ಸೂಜಿಯೂ, ಸೂಜಿಯ ಬುಡದಲ್ಲಿ ಗುಂಡಿಯಂತಹ ಉಬ್ಬೂ ಇದ್ದರೆ ಅದು ಬೇರನ್ನು ಚುಚ್ಚುವ ಶತ್ರುವಾಗಿರಬಹುದು. ಶಿಲೀಂಧ್ರ ತಿನ್ನುವ ಹುಳುಗಳಿಗೂ ನವುರಾದ ಸೂಜಿಯಿರುವುದರಿಂದ ಸೂಜಿ ಕಂಡ ಕೂಡಲೆ ಗಾಬರಿಯಾಗಬಾರದು, ತಿಳಿದವರಿಗೆ ತೋರಿಸಬೇಕು. ಮಣ್ಣಿನಿಂದ ಈ ಹುಳುಗಳನ್ನು ಹಿಡಿಯುವ ಉಪಾಯವೂ ಸುಲಭ. ತಟ್ಟೆಯಲ್ಲಿ ನೀರು ಹಾಕಿ, ಅದರ ಮೇಲೆ ಜರಡಿಯಿಟ್ಟು, ಜರಡಿಯಲ್ಲಿ ತೆಳುಬಟ್ಟೆ ಹಾಸಿ, ನೀರು ತಾಗುವಂತೆ ಒಂದು ಹಿಡಿ ಮಣ್ಣನ್ನು ಹರಡಿ ರಾತ್ರಿ ಬಿಟ್ಟರೆ, ಹುಳುಗಳು ಬಟ್ಟೆಯನ್ನು ನುಸುಳಿ ತಟ್ಟೆಗೆ ಇಳಿಯುತ್ತವೆ. ಟೊಮೇಟೊ, ದಾಳಿಂಬೆ ಮೊದಲಾದುವುಗಳ ಬೇರುಗಳಲ್ಲಿ ಗಂಟು ಕಟ್ಟಿಸುವ ಹುಳು ಸಸಿಯ ಚೀಲದ ಮಣ್ಣಿನೊಡನೆಯೇ ತೋಟವನ್ನು ಸೇರುವುದುಂಟು. ಒಮ್ಮೆ ಸೇರಿದರೆ ಅದನ್ನು ಹೊರಡಿಸುವುದು ದುಸ್ಸಾಧ್ಯ. ಸಸಿ ನೆಡುವ ಮೊದಲು ಬೇರನ್ನೂ ಚೀಲದ ಮಣ್ಣನ್ನೂ ನೋಡುವುದರಲ್ಲಿ ಹೋಗುವುದು ಒಂದು ರಾತ್ರಿ. ನೋಡದಿದ್ದರೆ ಹೋಗುವುದು ತೋಟ.

ಮೂರು ಊರಿನ ಮೂರು ಗೊಬ್ಬರಗಳು

ತತ್ತ್ವಕ್ಕೆ ದೃಷ್ಟಾಂತ ಬೇಕು. ನಿವೃತ್ತಿಯ ತರುವಾಯ ನಾವು ಪರಿಚಿತರ ಮನೆಗಳಿಂದ ತಂದು ನೋಡಿದ ಮೂರು ಗೊಬ್ಬರಗಳ ವೃತ್ತಾಂತವನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ತುಮಕೂರು ಪಟ್ಟಣದ ಒಂದು ಮನೆಯ ಮಾಳಿಗೆಯ ಮೇಲೆ ಮಡಕೆಯಲ್ಲಿ ಕೂಡಿಟ್ಟ ಅಡಿಗೆಮನೆಯ ಕಸ. ತರಕಾರಿಯ ಸಿಪ್ಪೆ, ಕಾಫಿಯ ಚರಟ, ಅನ್ನದ ಅಗುಳು ಎಲ್ಲವೂ ಅದರಲ್ಲಿದ್ದುವು, ದುರ್ವಾಸನೆಯೂ ಇತ್ತು. ಹನಿಯಲ್ಲಿ ರೋಮಜೀವಿಗಳು ಸಂತೆಯ ಜನದಂತೆ ನುಗ್ಗಾಡುತ್ತಿದ್ದುವು. ಶಿಲೀಂಧ್ರದ ಎಳೆಯು ಒಂದೂ ಇಲ್ಲ. ಕಸಕ್ಕೆ ಸರಿಸಮನಾಗಿ ಒಣಗಿದ ಎಲೆಗಳನ್ನು ಬೆರೆಸಿ, ಮಡಕೆಯ ಪಕ್ಕಗಳಲ್ಲಿ ತೂತು ಮಾಡಿಸಿ, ವಾರಕ್ಕೆರಡು ಸಲ ಕದಡುವಂತೆ ಹೇಳಿದೆವು. ಮೂರು ವಾರಗಳಲ್ಲಿ ವಾಸನೆ ಅಡಗಿತು. ಮಸೂರದಡಿಯಲ್ಲಿ ರೋಮಜೀವಿಗಳ ಸಂತೆ ಚದುರಿ, ಕಶಾಜೀವಿಗಳೂ ಶಿಲೀಂಧ್ರದ ಎಳೆಗಳೂ ಕಾಣಿಸಿಕೊಂಡುವು. ನೆರೆಮನೆಯವರ ದೂರಿಗೆ ಹೆದರಿ ಮಡಕೆಯನ್ನು ಎಸೆಯಬೇಕೆಂದಿದ್ದ ಆ ಗೃಹಿಣಿಯು ಈಗ ಅದರ ಗೊಬ್ಬರದಿಂದಲೇ ಮಲ್ಲಿಗೆಯ ಬಳ್ಳಿಯನ್ನು ಬೆಳೆಸುತ್ತಿದ್ದಾರೆ.

ಎರಡನೆಯದು ಗುಬ್ಬಿ ತಾಲ್ಲೂಕಿನ ಒಂದು ತೋಟದ್ದು. ತೆಂಗಿನ ನಾರಿನ ಪುಡಿ, ಅಡಕೆಯ ಹಾಳೆ, ಸೋಗೆಗಳ ಚೂರು ಸೇರಿ ಕಪ್ಪಗಾಗಿದ್ದ ಆ ರಾಶಿಯನ್ನು ಕಣ್ಣಿಂದ ನೋಡಿದವರು ಪಕ್ವವಾಗಿದೆಯೆಂದೇ ಹೇಳುತ್ತಿದ್ದರು. ಹನಿಯಲ್ಲಿ ಶಿಲೀಂಧ್ರಗಳು ಹೇರಳವಾಗಿದ್ದುವು. ಆದರೆ ನಾರಿನ ಚೂರುಗಳಲ್ಲಿ ಸಸ್ಯದ ಜೀವಕೋಶಗಳ ಗೋಡೆಗಳೂ, ನೀರು ಸಾಗಿಸುವ ನಾಳಗಳ ಸುರುಳಿಗಳೂ ಮುರಿಯದೆ ಹಾಗೆಯೇ ಇದ್ದುವು. ಎಂದರೆ ಕಪ್ಪು ಬಣ್ಣ ಬಂದಿತ್ತು, ಪಾಕ ಬಂದಿರಲಿಲ್ಲ. ನಾರಿನ ಪುಡಿಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವು ಬಹಳ; ಸಾರಜನಕವು ಒಂದು ಭಾಗವಿದ್ದರೆ ಇಂಗಾಲವು ನೂರು ಭಾಗಕ್ಕೂ ಹೆಚ್ಚು. ಪಕ್ವವಾದ ಗೊಬ್ಬರದಲ್ಲಿ ಈ ಪ್ರಮಾಣವು ಒಂದಕ್ಕೆ ಇಪ್ಪತ್ತರ ಒಳಗಿರಬೇಕು. ಆ ತೋಟದವರು ಸಗಣಿಯ ಬಗ್ಗಡವನ್ನು ಸೇರಿಸಿ ಮಗುಚಿ ಇನ್ನೊಂದು ಮಳೆಗಾಲ ಕಾಯಲು ಒಪ್ಪಿದರು. ಎಳೆಯ ಅಡಕೆಯ ಗಿಡಗಳ ಬುಡಕ್ಕೆ ಹಾಗೆಯೇ ಸುರಿದಿದ್ದರೆ ಗಿಡಗಳು ಸಾರಜನಕವಿಲ್ಲದೆ ಸೊರಗುತ್ತಿದ್ದುವು.

ಮೂರನೆಯದು ಕುಣಿಗಲಿನ ಕಡೆಯ ಒಂದು ಒಕ್ಕಲುಮನೆಯ ಹಳೆಯ ತಿಪ್ಪೆ. ಚೈತ್ರದ ಬಿಸಿಲಿಗೆ ಪುಡಿಪುಡಿಯಾಗಿತ್ತು. ಹನಿಯಲ್ಲಿ ಜೀವದ ಸುಳಿವೇ ಕಾಣಲಿಲ್ಲ. ಮನೆಯ ಯಜಮಾನರು, ‘ಮೇಷ್ಟ್ರೇ, ಇದರಲ್ಲಿ ಸತ್ತ್ವವಿಲ್ಲ ಅಂತ ನಾನಾಗಲೇ ಹೇಳಿದೆನಲ್ಲ’ ಎಂದು, ಸಾಲ ಮಾಡಿ ಚೀಲದ ಗೊಬ್ಬರವನ್ನು ತರಿಸುವ ಸಿದ್ಧತೆಯಲ್ಲಿದ್ದರು. ನಾವು ಅದೇ ಪುಡಿಯನ್ನು ನೀರು ಚಿಮುಕಿಸಿ, ಹಿಂಡಿದ ಬಟ್ಟೆಯಷ್ಟು ತೇವ ಮಾಡಿ, ನೆರಳಿನಲ್ಲಿ ಎರಡು ದಿನ ಇರಿಸಿ ಮತ್ತೆ ನೋಡಿದೆವು. ಅಮೀಬಾಗಳು ಹರಿದಾಡುತ್ತಿದ್ದುವು, ದುಂಡುಹುಳುಗಳು ಮೈ ಬಳುಕಿಸುತ್ತಿದ್ದುವು. ಬರಗಾಲ ಬಂದಾಗ ಈ ಜೀವಿಗಳು ಸಾಯುವುದಿಲ್ಲ. ಏಕಕೋಶಪ್ರಾಣಿಗಳು ಗಟ್ಟಿಯಾದ ಕೋಶ ಕಟ್ಟಿಕೊಂಡು, ಹುಳುಗಳು ಒಣಗಿ ಮುದುಡಿಕೊಂಡು ಮಳೆಯನ್ನು ಕಾಯುತ್ತವೆ. ಯಜಮಾನರು ಬಹಳ ಹೊತ್ತು ಮಸೂರದಿಂದ ಕಣ್ಣು ತೆಗೆಯಲಿಲ್ಲ. ಮಣ್ಣಿನ ಪರೀಕ್ಷೆಯನ್ನೂ ಮಾಡಿಸಿ, ಕೊರತೆಯಿದ್ದುದನ್ನು ಮಾತ್ರ ಕೊಂಡು, ರಾಗಿಯ ಹೊಲಕ್ಕೆ ತಮ್ಮ ತಿಪ್ಪೆಯನ್ನೇ ಹೊಡೆಸಿದರು. ಸಾಲ ಮಾಡುವ ಪ್ರಸಂಗವು ತಪ್ಪಿತು.

ನಮ್ಮ ಕೆಂಪುನೆಲಕ್ಕೆ ಈ ಮೂರನೆಯ ದೃಷ್ಟಾಂತವು ವಿಶೇಷವಾಗಿ ಅನ್ವಯಿಸುವುದು. ಬೇಸಿಗೆಯಲ್ಲಿ ಒಣಮಣ್ಣನ್ನು ತೆಗೆದು ನೋಡಿ ‘ಭೂಮಿ ಸತ್ತಿದೆ’ ಎಂದು ತೀರ್ಮಾನಿಸುವುದು ಸರಿಯಲ್ಲ. ಹದಮಳೆಯಾಗಿ ನಾಲ್ಕೈದು ದಿನಗಳ ಮೇಲೆ, ಪ್ರತಿವರ್ಷವೂ ಅದೇ ಕಾಲದಲ್ಲಿ, ಅದೇ ಹೊಲದ ಅದೇ ಕಡೆಯಿಂದ ತೆಗೆದ ಮಣ್ಣನ್ನು ಹೋಲಿಸಿದರೆ ಮಾತ್ರ ಮಣ್ಣು ಸುಧಾರಿಸುತ್ತಿದೆಯೋ ಕ್ಷೀಣಿಸುತ್ತಿದೆಯೋ ತಿಳಿಯುವುದು. ತಾರೀಖು, ಮಳೆ, ವಾಸನೆ, ಕಂಡ ಜೀವಿಗಳು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಹನಿ ಸುಳ್ಳು ಹೇಳಬಹುದು. ಐದು ವರ್ಷದ ಪುಸ್ತಕವು ಸುಳ್ಳು ಹೇಳದು.

ಮಸೂರಕ್ಕೆ ಕಾಣದ್ದು

ಯಾವ ಪ್ರಮಾಣಕ್ಕೂ ತನ್ನದೇ ಆದ ವಿಷಯವುಂಟು. ರೂಪವನ್ನು ಕಿವಿಯಿಂದ ಕೇಳಲಾಗದು. ಸೂಕ್ಷ್ಮದರ್ಶಕವು ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿವೆಯೆಂದು ಹೇಳಲಾರದು. ಚುಕ್ಕೆಯಂತೆ ಕಾಣುವ ಬ್ಯಾಕ್ಟೀರಿಯಾ ಮಿತ್ರನೋ ರೋಗಾಣುವೋ ಎಂಬುದನ್ನು ಸಹ ಅದು ಹೇಳಲಾರದು. ಆದ್ದರಿಂದ ಹಸಿ ಸಗಣಿಯಿಂದ ಮಾಡಿದ ದ್ರವಗಳನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಚಿಮುಕಿಸಲು ಮಸೂರದ ಸಾಕ್ಷ್ಯವು ಸಾಲದು. ಜೀವಿಗಳ ಎಣಿಕೆಯೂ ಹನಿಯಿಂದ ಹನಿಗೆ ಬೇರೆಯಾಗುವುದರಿಂದ, ಒಂದೇ ಎಣಿಕೆಯನ್ನು ತೋರಿಸಿ ಸೂಕ್ಷ್ಮಜೀವಿಗಳ ಸೀಸೆಯನ್ನು ಮಾರಲು ಬರುವವರ ಮಾತಿಗೆ ಗೃಹಸ್ಥರು ಮರುಳಾಗಕೂಡದು. ಬೆಂಗಳೂರು ಪದ್ಧತಿಯ ಗುಂಡಿಯನ್ನು ಅರ್ಧದಲ್ಲಿ ತೆಗೆದು ನೋಡಿ ರೋಮಜೀವಿಗಳಿವೆಯೆಂದು ಹಳಿಯುವುದೂ ತಪ್ಪು. ಅದಕ್ಕೆ ಅದರ ಅವಧಿಯನ್ನು ಕೊಡಬೇಕು.

ರಾಸಾಯನಿಕ ಪರೀಕ್ಷೆಗೆ ಬೇರೆ ಏರ್ಪಾಡಿದೆ. ಕೇಂದ್ರ ಸರಕಾರವು ೨೦೧೫ರ ಫೆಬ್ರುವರಿ ೧೯ರಂದು ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಂಬ ೧೨ ಅಂಶಗಳಿವೆ. ಆ ಹನ್ನೆರಡರಲ್ಲಿ ಒಂದೂ ಜೀವಿಯಲ್ಲ. ಚೀಟಿಯು ಮನೆಯ ಉಗ್ರಾಣದ ಪಟ್ಟಿಯಂತೆ. ಸೂಕ್ಷ್ಮದರ್ಶಕವು ಮನೆಯಲ್ಲಿ ಅಡಿಗೆ ಮಾಡುವವರಿದ್ದಾರೆಯೇ ಎಂದು ನೋಡುವಂತೆ. ಎರಡನ್ನೂ ವಿಚಾರಿಸುವವನೇ ಬುದ್ಧಿವಂತ ಯಜಮಾನ. ನಮ್ಮ ಜಿಲ್ಲೆಯಲ್ಲಿ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿಯೂ ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿರುವುದರಿಂದ, ಸಂಶಯ ಬಂದಾಗ ಕೇಳುವುದಕ್ಕೆ ದೂರ ಹೋಗಬೇಕಾಗಿಲ್ಲ.

ಮಸೂರವೇ ಇಲ್ಲದ ಮನೆಗೂ ಎರಡು ಪರೀಕ್ಷೆಗಳಿವೆ. ತೇವಮಾಡಿದ ಗೊಬ್ಬರವನ್ನು ಗಾಳಿಯಾಡದ ಚೀಲದಲ್ಲಿ ಒಂದು ವಾರ ಕಟ್ಟಿಟ್ಟು ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಪಕ್ವ. ಹುಳಿಯ ಅಥವಾ ಕೊಳೆತ ವಾಸನೆ ಬಂದರೆ ಅಪಕ್ವ. ಗೊಬ್ಬರ ನೆನೆಸಿ ಸೋಸಿದ ನೀರಿನಲ್ಲಿ ಇಪ್ಪತ್ತು ಕಾಳು ಹೆಸರನ್ನೂ, ಬರಿಯ ನೀರಿನಲ್ಲಿ ಇಪ್ಪತ್ತು ಕಾಳನ್ನೂ ಒದ್ದೆಬಟ್ಟೆಯಲ್ಲಿ ಕಟ್ಟಿಡಬೇಕು. ಗೊಬ್ಬರದ ನೀರಿನವು ಹಿಂದೆ ಬಿದ್ದರೆ ಆ ಗೊಬ್ಬರವನ್ನು ಇನ್ನಷ್ಟು ದಿನ ಕೊಳೆಯಗೊಡಬೇಕು. ಇವುಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಬಹುದು.

ಮಕ್ಕಳ ಹೆಸರೆತ್ತಿದ ಮೇಲೆ ಇನ್ನೊಂದು ಮಾತನ್ನು ಹೇಳದಿರಲಾರೆವು. ಅನೇಕ ಶಾಲೆಗಳಲ್ಲಿ ಸೂಕ್ಷ್ಮದರ್ಶಕವು ಬೀರುವಿನೊಳಗೆ ಭದ್ರವಾಗಿ, ವರ್ಷಕ್ಕೊಮ್ಮೆ ಈರುಳ್ಳಿಯ ಸಿಪ್ಪೆಯನ್ನು ನೋಡುವುದಕ್ಕಾಗಿ ಮಾತ್ರ ಹೊರಗೆ ಬರುತ್ತದೆ. ಹಳ್ಳಿಯ ಮಕ್ಕಳು ತಮ್ಮ ತಮ್ಮ ಮನೆಯ ತಿಪ್ಪೆಯಿಂದ ಒಂದು ಚಮಚವನ್ನು ತಂದು ತಿಂಗಳಿಗೊಮ್ಮೆ ನೋಡುವಂತಾದರೆ, ಪಾಠವೂ ಆಯಿತು, ಊರಿಗೆ ಉಪಕಾರವೂ ಆಯಿತು. ಉಪಾಧ್ಯಾಯರು ಬೀರುವಿನ ಬೀಗವನ್ನು ತೆಗೆಯಲಿ. ತಂದೆತಾಯಿಗಳು ಗೊಬ್ಬರ ಕೊಳ್ಳುವ ಮೊದಲು ಮಗನನ್ನೋ ಮಗಳನ್ನೋ ಕರೆದು, ‘ಇದನ್ನು ಒಂದು ಸಲ ನೋಡಿ ಹೇಳು’ ಎನ್ನಲಿ. ಮುಂಗಾರು ಬರುವುದಕ್ಕೆ ಒಂದು ತಿಂಗಳು ಮೊದಲು ಈ ಕೆಲಸವನ್ನು ಆರಂಭಿಸಿದರೆ, ಅಪಕ್ವವಾದ ಗೊಬ್ಬರವನ್ನು ಮಗುಚಿ ಹಾಕುವುದಕ್ಕೂ, ಕೆಟ್ಟದ್ದನ್ನು ಹಿಂದಕ್ಕೆ ಕಳುಹಿಸುವುದಕ್ಕೂ ಅವಕಾಶವಿರುವುದು.